ಕಿಟಕಿಯ ಮೇಲಿಟ್ಟ ಡಬ್ಬಿ

"ಅದನ್ನ ಆರಿಸ್ಬೇಡಮ್ಮ!"

ಸ್ವಿಚ್ಚಿನ ಮೇಲಿಟ್ಟ ಬೆರಳನ್ನು ಮಗಳು ಹಿಂದಕ್ಕೆಳೆದಳು. ಕೂಗಿದವನು ಪಕ್ಕದ ಮನೆಯ ಬಡಗಿ. ಕೆಳಗಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ, ತೀರಿಕೊಂಡ ಅವಳ ಅಮ್ಮನನ್ನು ಮಲಗಿಸಿದ್ದರು. ಮೂಲೆಯ ಕೊಳವೆಯಲ್ಲಿ ಫ್ಯಾನು ಗುಂಯ್‌ಗುಡುತ್ತಿತ್ತು.

"ಸತ್ತ ಮನೇಲಿ ಈ ಸದ್ದು ಯಾಕಣ್ಣ? ಇವತ್ತೊಂದಿನ ಸುಮ್ನಿರ್ಲಿ."

"ಒಂದಿನ ನಿಲ್ಸಿದ್ರೆ ಯಾರ ಪ್ರಾಣಾನೂ ಹೋಗಲ್ಲ. ಆದ್ರೆ ನಿಮ್ಮಮ್ಮ ಎದ್ದು ಬಂದು ಕಿವಿ ಹಿಂಡ್ತಾರೆ."

ಅಳುತ್ತ ಕೂತವರಲ್ಲೂ ಒಂದಿಬ್ಬರು ನಕ್ಕುಬಿಟ್ಟರು.

*

ಅಪ್ಪ ಬೀಡಿ ಮುಟ್ಟಿದವನಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್ ಅವನನ್ನು ತಿಂದುಹಾಕಿತು. ಕದ್ದು ಸೇದುತ್ತಿದ್ದನೇನೋ ಎಂದು ಬೀದಿಯಲ್ಲೆಲ್ಲ ಗುಸುಗುಸು. ಅಮ್ಮನಿಗೆ ಆ ಮಾತು ಸಾವಿನಷ್ಟೇ ಚುಚ್ಚಿತು. ಡಾಕ್ಟರು ಹೇಳಿದ್ದೇ ಬೇರೆ. ನೆಲದಡಿಯ ಕಲ್ಲುಮಣ್ಣಿನಿಂದ ರೇಡಾನ್ ಎಂಬ ಅನಿಲ ಏಳುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕುಗಳಿಂದ ಮನೆಯೊಳಗೆ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಇಂಥ ಕಾಯಿಲೆ ಬರಬಹುದು, ಒಮ್ಮೆ ಅಳೆದು ನೋಡಿ.

ಅಮ್ಮ ಆ ಅನಿಲವನ್ನು ಅಳೆಯುವ ಪುಟ್ಟ ಡಬ್ಬಿ ತರಿಸಿ, ಕಿಟಕಿಗಳನ್ನು ಮುಚ್ಚಿ, ಅಪ್ಪ ಮಲಗುತ್ತಿದ್ದ ಕಡೆ ಇಟ್ಟಳು. ಕೆಲವು ದಿನ ಬಿಟ್ಟು ಅದನ್ನು ಪ್ರಯೋಗಾಲಯಕ್ಕೆ ಕಳಿಸಿದಳು; ಅಲ್ಲಿಂದ ಬಂದ ಅಂಕಿ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಅದನ್ನು ಓದಿ, ಅಂಗೈಯನ್ನು ನೆಲಕ್ಕೊತ್ತಿ ಮಗಳಿಗೆ ಹೇಳಿದಳು:

"ಭೂಮಿ ಹುಟ್ಟಿದಾಗಿನ ಕಲ್ಲು ಕಣೇ. ಇನ್ನೂ ಉಸಿರಾಡ್ತಾ ಇದೆ! ಅದರ ಮೇಲೆ ನಾವು ಚಾಪೆ ಹಾಸ್ಕೊಂಡು ಮಲಗಿದ್ವಿ."

ಅವಳ ದನಿಯಲ್ಲಿ ಭಯಕ್ಕಿಂತ ಬೆರಗೇ ಹೆಚ್ಚಿತ್ತು.

ಆ ಅನಿಲವನ್ನು ಹೊರಗೆಳೆಯಲು ನೆಲದಡಿಯಿಂದ ಮಾಡಿನಾಚೆಗೆ ಕೊಳವೆ ಏರಿತು, ಅದಕ್ಕೆ ಫ್ಯಾನು ಬಂತು. ಅಂದಿನಿಂದ ರವಿಕೆ ಹೊಲಿಸಲು ಬಂದವರ ಕೈಗೆ ಬಟ್ಟೆಯ ಜೊತೆ ಒಂದು ಡಬ್ಬಿ. 'ಡಬ್ಬಿ ಅಕ್ಕ' ಎಂದೇ ಹೆಸರು ಬಿತ್ತು.

ಮದುವೆಯಾಗಿ ಬೇರೆ ಮನೆಯಲ್ಲಿದ್ದ ಮಗಳಿಗೂ ಕೊಟ್ಟಳು. ಡಬ್ಬಿಯಿಂದಲೇ ಏನಾದರೂ ಹೊರಬಂದೀತೆಂದು ಹೆದರಿದ ಮಗಳು ಅದನ್ನು ತೆರೆದ ಕಿಟಕಿಯ ಮೇಲಿಟ್ಟಳು. ಅಂಕಿ ತೀರಾ ಕಡಿಮೆ ಬಂತು.

"ನೋಡಿದ್ಯಾಮ್ಮ? ನಮ್ಮದು ಹೊಸ ಮನೆ, ಅದೆಲ್ಲ ಇಲ್ಲಿಲ್ಲ."

"ನೀನು ಅಳೆದಿದ್ದು ಬೀದಿ ಗಾಳೀನ. ನಿನ್ನ ಮಗು ಮಲಗೋದು ಕೆಳಗಿನ ಕೋಣೇಲಿ. ಇನ್ನೊಂದ್ಸಲ ಇಡೇ."

"ಆಗ್ಲಿ ಬಿಡಮ್ಮ" ಎಂದವಳು ಇಡಲೇ ಇಲ್ಲ.

*

ಓಣಿ ಇಕ್ಕಟ್ಟು. ದೊಡ್ಡ ರಸ್ತೆಯಲ್ಲಿ ನಿಂತ ವಾಹನದವರೆಗೆ ಅಮ್ಮನನ್ನು ಹೊತ್ತು ನಡೆದರು. ಅಂಗಡಿಗಳೆಲ್ಲ ಬಾಗಿಲೆಳೆದಿದ್ದವು, ಯಾರೂ ಮಾತಾಡುತ್ತಿರಲಿಲ್ಲ. ಬೀದಿಯ ಗದ್ದಲದಲ್ಲಿ ಮಗಳಿಗೆ ಎಂದೂ ಕೇಳದಿದ್ದ ಸದ್ದು ಆಗ ಕೇಳಿಸಿತು. ಬಡಗಿಯ ಮನೆಯಿಂದ ಗುಂಯ್. ಕ್ಷೌರದಂಗಡಿಯ ಹಿಂದಿನಿಂದ ಗುಂಯ್. ಅಮ್ಮನನ್ನು ಆಡಿಕೊಂಡು ನಗುತ್ತಿದ್ದ ಮೇಷ್ಟ್ರ ಮನೆಯಿಂದಲೂ! ತಲೆಯೆತ್ತಿದಳು. ಮಾಡು ಮಾಡಿನ ಮೇಲೂ ಕೊಳವೆಗಳು, ನೆಲದಾಳದ ಉಸಿರನ್ನು ಆಕಾಶಕ್ಕೆ ಬಿಡುತ್ತ ನಿಂತಿದ್ದವು. ಇಡೀ ಬೀದಿ ಅಮ್ಮನ ಮಾತು ಕೇಳಿತ್ತು. ಕೇಳದವಳು ತಾನೊಬ್ಬಳೇ.

ಸಂಜೆ, ಅಮ್ಮನ ದಾರದುಂಡೆಗಳ ನಡುವೆ ಉಳಿದಿದ್ದ ಒಂದು ಡಬ್ಬಿಯನ್ನು ಮಗಳು ತನ್ನ ಮನೆಗೆ ತಂದಳು.

"ಅಜ್ಜಿ ಡಬ್ಬಿ ಯಾಕಮ್ಮ?" ಮಗು ಕೇಳಿತು.

"ಅಳೀಬೇಕು ಪುಟ್ಟಿ. ಅಲ್ಲೀವರೆಗೆ ನೀನು ಮೇಲೆ, ನನ್ನ ಜೊತೆ ಮಲ್ಕೋ."

ಕೆಳಗಿನ ಕೋಣೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಮಗುವಿನ ದಿಂಬಿನ ಎತ್ತರಕ್ಕೆ ಸ್ಟೂಲಿಟ್ಟು, ಅದರ ಮೇಲೆ ಡಬ್ಬಿಯನ್ನು ತೆರೆದಿಟ್ಟಳು. ಬಳಿಕ ಮಂಡಿಯೂರಿ, ತಣ್ಣಗಿದ್ದ ನೆಲಕ್ಕೆ ಅಂಗೈ ಒತ್ತಿ ಕೂತಳು.