ಮೇಲಿನ ಬಾಣದ ಕೀ

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ದೊಡ್ಡಪ್ಪ ಮೈಲಪ್ಪ ಆ ನೇಮವನ್ನು ಕಂಪ್ಯೂಟರಿಗೂ ಹಚ್ಚಿದ. ತೆಲಿಗಿ ರಸ್ತೆಯ ನಮ್ಮ ಕೋಳಿಮರಿ ಶೆಡ್ಡಿನಲ್ಲಿ, ಮೊಟ್ಟೆ ಇಡುವ ಕಾವಿನ ಪೆಟ್ಟಿಗೆಯ ಬಿಸಿ ನೋಡಿಕೊಳ್ಳುವುದು ಆ ಕಂಪ್ಯೂಟರೇ.

"ಹಗಲೂ ರಾತ್ರಿ ದುಡೀತೈತಿ ಪಾಪ, ಒಂದು ಗಳಿಗಿ ಮಲಗ್ಲಿ" ಎಂದು ಅದಕ್ಕೆ ದೇವರ ಅರಿಶಿನದ ಭಂಡಾರ ಹಚ್ಚಿ ವೈರು ಕಿತ್ತ. ಆಮೇಲೆ ಚುಚ್ಚಿದಾಗ ಕಂಪ್ಯೂಟರು ಎದ್ದಿತು, ಬಿಸಿ ಮಾಡುವ ಪ್ರೋಗ್ರಾಮು ಏಳಲಿಲ್ಲ.

ಮರಿ ಹೊರಬರುವ ಹೊತ್ತು ಹತ್ತಿರ ಬಂದಿತ್ತು. ಪೆಟ್ಟಿಗೆಗೆ ಕಿವಿಯಿಟ್ಟರೆ ಚಿಪ್ಪಿನೊಳಗಿನ ಚಿಂವ್ ಚಿಂವ್ ಕೇಳುತ್ತಿತ್ತು. ನಾನು ಪ್ರವೀಣಕುಮಾರ್ ಅಣ್ಣನಿಗೆ ಫೋನ್ ಮಾಡಿದೆ. ಆ ಪ್ರೋಗ್ರಾಮು ಬರೆದವನು ಅವನೇ. ಕೊಟ್ಟೂರಿನಿಂದ ಬಸ್ಸು ಹತ್ತಿದ್ದ.

"ನಾ ಬರೋತನ ನೀನ ಕಾವು ಕೊಡಬೇಕು ಮಂಜಮ್ಮ" ಎಂದ.

ಒಂದೊಂದೇ ಅಕ್ಷರ ಹೇಳಿ ಡಿಬಗ್ಗರ್ ತೆರೆಸಿದ. ಅದೊಂದು ಕಪ್ಪು ಪರದೆ. ಪ್ರೋಗ್ರಾಮಿನ ತಪ್ಪು ಹುಡುಕಲು ಇರುವಂಥದ್ದು, ಅಲ್ಲಿ ಬರೆದ ಮಾತನ್ನು ಕಂಪ್ಯೂಟರು ಕೂಡಲೇ ಮಾಡುತ್ತದೆ. ಹೀಟರ್ ಹೊತ್ತಿಸಲು ಉದ್ದನೆಯ ಸಾಲೊಂದಿತ್ತು, ತುಂಬ ಚುಕ್ಕಿ, ಗೆರೆ, ಕಂಸ. ಮೊಟ್ಟೆ ಬೇಯಬಾರದೆಂದು ಹೀಟರು ತುಸು ಹೊತ್ತು ಉರಿದು ತಾನೇ ಆರುತ್ತಿತ್ತು. ಮತ್ತೆ ಅದೇ ಸಾಲು ಬರೆಯಬೇಕು. ಒಂದು ಅಕ್ಷರ ತಪ್ಪಿದರೆ ಮೊದಲಿನಿಂದ. ನನಗೆ ಇಂಗ್ಲಿಷ್ ಅಕ್ಷರ ಹುಡುಕಿ ಒತ್ತುವುದಷ್ಟೇ ಗೊತ್ತು. ನಾನು ಹುಡುಕುತ್ತಿದ್ದಂತೆ ಪೆಟ್ಟಿಗೆಯ ಮೇಲೆ ಬಿಸಿ ತೋರಿಸುವ ಕೆಂಪು ಅಂಕಿ ಇಳಿಯುತ್ತಿತ್ತು.

"ಪೂರಾ ಯಾಕ ಬರೀತಿ? ಮೇಲಿನ ಬಾಣದ ಕೀ ಒತ್ತು. ಹಿಂದಿನ ಸಾಲು ತಾನ ಬರ್ತೈತಿ."

ಒತ್ತಿದೆ. "ಸಾಲು ಬರವಲ್ದು ಅಣ್ಣಾ. ಎರಡು ಕಂಸ, ಒಂದು ಎ ಅಕ್ಷರ ಬರ್ತೈತಿ."

ಫೋನಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. "ಕಂಪ್ಯೂಟರ್ ಆರ್ಸಿದ್ರೇನು?"

"ಸೋಮವಾರ ಅಂತ ದೊಡ್ಡಪ್ಪ..."

"ಅದಕ್ಕ ಮೇವೂ ಹಾಕ್ಯಾನೇನು ಕೇಳು."

ಮತ್ತೆ ಬಿಡಿಸಿ ಹೇಳಿದ. ಡಿಬಗ್ಗರಿಗೆ ತನ್ನಷ್ಟಕ್ಕೆ ಬಾಣ ಅರ್ಥವಾಗುವುದಿಲ್ಲ. ಬರೆದ ಸಾಲುಗಳನ್ನು ನೆನಪಿಟ್ಟುಕೊಳ್ಳುವ ಇನ್ನೊಂದು ಸಣ್ಣ ಪ್ರೋಗ್ರಾಮು ಬೇಕು, ಡಿಬಗ್ಗರನ್ನು ಅದರ ಮಡಿಲಲ್ಲಿ ತೆರೆಯಬೇಕು. ತಾನು ಹಾಗೇ ತೆರೆಯುತ್ತಿದ್ದುದಾಗಿಯೂ ಅವಸರದಲ್ಲಿ ನನಗೆ ಹೇಳುವುದು ಮರೆತದ್ದಾಗಿಯೂ ಹೇಳಿದ. ಈಗ ಡಿಬಗ್ಗರಿನಿಂದ ಹೊರಗೆ ಬಂದು ಮತ್ತೆ ಹೋಗಬೇಕು.

"ಅಲ್ಲೀತನ ಕಾವು?"

"ಇರಂಗಿಲ್ಲ ತಂಗಿ."

ಅವನು ಹೇಳಿದ್ದನ್ನು ಅಂಗೈ ಮೇಲೆ ಬರೆದುಕೊಂಡೆ. ಅಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

"ಹೊರಗ ಬರಬ್ಯಾಡಲೇ" ದೊಡ್ಡಪ್ಪ ಗೋಡೆ ಹಿಡಿದು ನಿಂತಿದ್ದ. "ಹಂಗ ಬರಕಂತ ಹೋಗು. ಇದ್ದವೂ ಸಾಯ್ತಾವ."

ಅವನಿಗೆ ನಾನು ಎಂದೂ ಎದುರು ಮಾತಾಡಿದವಳಲ್ಲ. ಅಂಕಿ ನೋಡುತ್ತಲೇ ಹೇಳಿದೆ, "ನಾ ಬರೆಯೋದಕ್ಕಿಂತ ಬಿಸಿ ಇಳಿಯೋದು ಜಲ್ದಿ ಐತಿ ದೊಡ್ಡಪ್ಪ. ಹಿಂಗಾದ್ರೂ ಸಾಯ್ತಾವ."

ಡಿಬಗ್ಗರಿನಿಂದ ಹೊರಗೆ ಬಂದೆ. ಅಂಗೈ ಬೆವರಿ ಶಾಯಿ ಕದಡುತ್ತಿತ್ತು. ಓದಿ ಓದಿ ಒತ್ತಿದೆ. ಎರಡನೇ ಸಲಕ್ಕೆ ಡಿಬಗ್ಗರ್ ತೆರೆಯಿತು. ಬಾಣದ ಕೀ ಒತ್ತಿದೆ.

ಏನೂ ಬರಲಿಲ್ಲ. ಕಂಸವೂ ಇಲ್ಲ, ಸಾಲೂ ಇಲ್ಲ. ಮತ್ತೆ ಒತ್ತಿದೆ. ಖಾಲಿ. ಪೆಟ್ಟಿಗೆಯೊಳಗಿನ ಸದ್ದು ಯಾವಾಗ ನಿಂತಿತೋ ತಿಳಿಯದು. ದೊಡ್ಡಪ್ಪ ನೆಲಕ್ಕೆ ಕೂತ.

ಕಂಸ ಬರಲಿಲ್ಲವಲ್ಲ ಎಂದುಕೊಂಡೆ. ಅಂದರೆ ಈ ಸಣ್ಣ ಪ್ರೋಗ್ರಾಮಿಗೆ ಬಾಣ ತಿಳಿದಿದೆ. ಆದರೆ ಈಗಷ್ಟೇ ಬಂದದ್ದು ಏನನ್ನು ನೆನಪಿಟ್ಟೀತು? ಇದಕ್ಕೆ ನಾನಿನ್ನೂ ಏನನ್ನೂ ಕೊಟ್ಟಿಲ್ಲ.

ಪರದೆಯ ಮೇಲೆ ಉಳಿದಿದ್ದ ಹಳೆಯ ಸಾಲನ್ನು ನೋಡಿ ಇಡೀ ಸಾಲನ್ನು ಮತ್ತೆ ಬರೆದೆ. ಎಂಟರ್ ಒತ್ತಿದೆ. ಹೀಟರ್ ಟಕ್ ಎಂದು ಹೊತ್ತಿಕೊಂಡಿತು. ಆರಿದಾಗ ಬಾಣ ಒತ್ತಿದೆ. ಚುಕ್ಕಿ, ಕಂಸ ಸಮೇತ ಸಾಲು ಬಂದು ನಿಂತಿತು. ಬಾಣ, ಎಂಟರ್. ಬಾಣ, ಎಂಟರ್. ಅಂಕಿ ನಿಂತಿತು, ಆಮೇಲೆ ನಿಧಾನವಾಗಿ ಏರಿತು. ಒಳಗೆ ಮಾತ್ರ ಸದ್ದಿಲ್ಲ.

ದೊಡ್ಡವ್ವ ದ್ಯಾಮಕ್ಕ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದಳು. ಜೀವ ಇದ್ದ ಮೊಟ್ಟೆ ನೀರಿನಲ್ಲಿ ಅಲ್ಲಾಡುತ್ತದೆ. ಕೆಳಗಿನ ತಟ್ಟೆಯಿಂದ ಒಂದನ್ನು ತೆಗೆದು ತೇಲಿಬಿಟ್ಟಳು. ಕಾದಳು. ತೆಗೆದು ಪಕ್ಕಕ್ಕಿಟ್ಟಳು. ಇನ್ನೊಂದು ಬಿಟ್ಟಳು, ಅದನ್ನೂ ಪಕ್ಕಕ್ಕಿಟ್ಟಳು. ಆಮೇಲೆ ನನಗೆ ತಿರುಗಿ ನೋಡಲು ಬಿಡುವಾಗಲಿಲ್ಲ. ಬಾಣ, ಎಂಟರ್.

"ಇದು ಮ್ಯಾಲಿನ ತಟ್ಟೀದು" ಎಂದಳು. ಮೊಟ್ಟೆ ನೀರಿಗೆ ಬಿಟ್ಟ ಸದ್ದಾಯಿತು.

"ಅಲ್ಲಾಡ್ತೈತಿ" ಎಂದಳು ಮೆಲ್ಲಗೆ. "ಕೈ ನಿಲ್ಲಸಬ್ಯಾಡವ್ವ."