ಮೋಹಿತನಿಗೆ ಸಿಗದ ನೀಲಿ ಕವಚ

ಪರದೆಯ ಮೇಲೆ ಬೆಟ್ಟದ ದೈತ್ಯ ಉರುಳಿಬಿದ್ದಾಗ ಕಲ್ಲೇಶನ ಸೈಬರ್ ಸೆಂಟರಿನಲ್ಲಿ ಯಾರೂ ಉಸಿರು ಬಿಡಲಿಲ್ಲ. ದೈತ್ಯ ಸತ್ತರೆ ಅವನ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಒಳಗಿದ್ದದ್ದು ಹೊಡೆದವರಲ್ಲಿ ಒಬ್ಬರಿಗೆ ಸೇರುತ್ತದೆ. ಯಾರಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರೇ ತೀರ್ಮಾನಿಸುತ್ತದೆ. ೨೦೦೬ರ ಆ ಭಾನುವಾರ ಮಧ್ಯಾಹ್ನ ಪೆಟ್ಟಿಗೆಯಿಂದ ಬಂದದ್ದು ನೀಲಿ ಕವಚ. ಸೇರಿದ್ದು ಕೃತಿಕಾಳಿಗೆ.

ಅವಳೇ ಬೆಚ್ಚಿದಳು. ಆಟ ಕಲಿತು ಇನ್ನೂ ತಿಂಗಳು ತುಂಬಿರಲಿಲ್ಲ. ಡಿಗ್ರಿ ಮುಗಿಸಿ ಆಲ್ದೂರಿನಲ್ಲಿ ಅಪ್ಪನ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದವಳು ಭಾನುವಾರಗಳಲ್ಲಿ ಮೂಡಿಗೆರೆಯ ದೊಡ್ಡಪ್ಪನ ಮನೆಗೆ ಬರುತ್ತಿದ್ದಳು. ಕಲ್ಲೇಶ ಆ ದೊಡ್ಡಪ್ಪನ ಮಗ. ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಸೈಬರ್ ತೆರೆದು, ಎಲ್ಲಿಂದಲೋ ತಂದ ಈ ಆಟವನ್ನು ತನ್ನದೇ ಸರ್ವರಿನಲ್ಲಿ ನಡೆಸುತ್ತಿದ್ದ. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಚಿಕ್ಕಮಗಳೂರಿನವರೂ ಅಲ್ಲಿಂದಲೇ ಸೇರಿಕೊಂಡು ಆಡುತ್ತಿದ್ದರು.

ಪಕ್ಕದ ಕುರ್ಚಿ ದಡಕ್ಕನೆ ಹಿಂದಕ್ಕೆ ಬಿತ್ತು. ಎದ್ದು ನಿಂತವನು ಮೋಹಿತ್, ವಸ್ತಾರೆಯ ಬೆಳೆಗಾರರೊಬ್ಬರ ಮಗ. ಇಡೀ ಮಳೆಗಾಲ ಅದೊಂದು ಕವಚಕ್ಕಾಗಿ ದೈತ್ಯನನ್ನು ಹೊಡೆದವನು. ಅವನಷ್ಟು ಲೆವೆಲ್ ಏರಿದವರು ಆ ಸರ್ವರಿನಲ್ಲೇ ಇರಲಿಲ್ಲ.

"ತಂಗಿ ಬಂದು ಕೂತ್ರೆ ಸಾಕು, ಕವಚ ತಾನಾಗೇ ಬರ್ತದಾ ಕಲ್ಲೇಶಣ್ಣ?"

"ಎಂತ ಮಾತು ಮಾರಾಯ ಅದು? ಅದೃಷ್ಟ. ಯಾರಿಗೆ ಬೇಕಾದ್ರೂ ಬರ್ತದೆ."

"ನನಗೆ ಮಾತ್ರ ಬರೋದಿಲ್ಲ, ಅಲ್ವಾ? ಎಲ್ಲರದ್ದೂ ರೀಸೆಟ್ ಮಾಡಿ. ಲೆವೆಲ್ಲು, ಶಕ್ತಿ, ಸಾಮಾನು ಎಲ್ಲ ಸೊನ್ನೆ ಆಗ್ಲಿ. ಮೊದಲಿಂದ ಶುರು ಮಾಡೋಣ. ಇಲ್ಲಾಂದ್ರೆ ನಾವ್ಯಾರೂ ಇನ್ನು ಈ ಮೆಟ್ಲು ಹತ್ತೋದಿಲ್ಲ."

ಉಳಿದವರೂ ಎದ್ದು ಅವನ ಹಿಂದೆ ನಿಂತರು. ಎಲ್ಲರ ಕಣ್ಣೂ ಕೃತಿಕಾಳ ಮೇಲಿತ್ತು. ಅವಳಿಗೆ ಕದ್ದು ಸಿಕ್ಕಿಬಿದ್ದಂತಾಯಿತು. ಕಲ್ಲೇಶ ಅವಳನ್ನು ಕರೆದುಕೊಂಡು ಪ್ಲೈವುಡ್ ಗೋಡೆಯ ಹಿಂದೆ, ಸರ್ವರ್ ಇದ್ದ ಕಿರುಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

"ನಿನ್ನದೊಂದು ರೀಸೆಟ್ ಮಾಡ್ಬಿಡ್ತೀನಿ. ಏನೋ ತಪ್ಪಾಗಿ ಬಂತು ಅಂತ ಹೇಳ್ತೀನಿ. ನೀನು ಸುಮ್ನಿರು."

"ತಪ್ಪು ಎಲ್ಲಾಯ್ತು? ನಾನೂ ಹೊಡೆದಿದ್ದೀನಲ್ಲ. ಅಥವಾ ನೀನೇ ಕೊಡಿಸಿದ್ಯಾ?"

"ದೇವ್ರಾಣೆ ಇಲ್ಲ. ನಿನಗೆ ಬಂದಿದ್ದು ಅದೃಷ್ಟನೇ." ಅವನು ದನಿ ತಗ್ಗಿಸಿದ. "ಮೋಹಿತನಿಗೆ ಬರದೇ ಇದ್ದದ್ದು ಮಾತ್ರ ಅದೃಷ್ಟ ಅಲ್ಲ. ಅವನ ಹೆಸರಿಗೆ ಬರದ ಹಾಗೆ ನಾನೇ ಇಟ್ಟಿದ್ದೀನಿ. ಸಿಕ್ಕಿಬಿಟ್ರೆ ಮಾರನೇ ದಿನ ಬರ್ತಾನಾ ಅವನು? ಅವನು ಬರ್ತಾನೆ ಅಂತಾನೇ ಉಳಿದವರು ಬರೋದು."

ಪ್ರತಿ ಸಲ ಪೆಟ್ಟಿಗೆ ತೆರೆಯುವಾಗ ಮೋಹಿತ್ ಕಣ್ಣು ಮುಚ್ಚಿಕೊಳ್ಳುತ್ತಿದ್ದುದನ್ನು ಕೃತಿಕಾ ನೋಡಿದ್ದಳು.

ಹೊರಗಿನಿಂದ ಯಾರೋ ಗೋಡೆಗೆ ಗುದ್ದಿದರು. "ಒಳಗೆ ಎಂತ ಗುಸುಗುಸು?"

ಕಲ್ಲೇಶನ ಕೈ ಕೀಬೋರ್ಡಿಗೆ ಹೋಯಿತು. ಅವಳು ಅವನ ಮಣಿಕಟ್ಟು ಹಿಡಿದಳು.

"ನೀನೇ ಹೇಳಣ್ಣ. ಇಲ್ಲಾಂದ್ರೆ ನಾನು ಹೇಳ್ತೀನಿ."

"ಹೊಟ್ಟೆಪಾಡು ಕಣೇ ಇದು! ಅಮ್ಮನ ಮುಖ ನೋಡಿಯಾದ್ರೂ ಬಾಯಿ ಮುಚ್ಕೊಂಡಿರು."

ಬೆಳಿಗ್ಗೆ ದೊಡ್ಡಮ್ಮ ವಿಶಾಲಾಕ್ಷಮ್ಮ ಅವಳಿಗೆಂದೇ ಕಡುಬು ಬೇಯಿಸಿದ್ದರು. ಸಂಜೆ ಅದೇ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಆದರೂ ಬಾಗಿಲು ತೆರೆದು ಹೊರಗೆ ಬಂದು, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿಬಿಟ್ಟಳು.

ಮೋಹಿತನ ಗೆಳೆಯ ಪ್ರಶಾಂತ್ ಕೋಣೆಗೆ ನುಗ್ಗಿ ಕಲ್ಲೇಶನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ಕೈ ಎತ್ತಿಯೂ ಆಗಿತ್ತು.

"ಬಿಡೋ ಅವರನ್ನ," ಎಂದ ಮೋಹಿತ್. "ಯಾವತ್ತಿಂದ ಕಲ್ಲೇಶಣ್ಣ?"

"ನೀನು ಎಲ್ಲರಿಗಿಂತ ಮೇಲೆ ಹೋದ ದಿನದಿಂದ."

"ಈಗಂತೂ ರೀಸೆಟ್ ಆಗ್ಲೇಬೇಕು!" ಪ್ರಶಾಂತ್ ಕಿರುಚಿದ.

"ಬೇಡ," ಎಂದ ಮೋಹಿತ್.

"ಕೇಳಿದ್ದು ನೀನೇ ಅಲ್ವೇನೋ?"

"ಆಗ ಗೊತ್ತಿರ್ಲಿಲ್ಲ. ಪೆಟ್ಟಿಗೆ ಮೋಸದ್ದು, ಸರಿ. ಆದ್ರೆ ಹೊಡೆದಿದ್ದು ನಾನೇ ಅಲ್ವಾ? ಅದನ್ನೂ ಅಳಿಸಿಬಿಟ್ರೆ ನನ್ನ ಹತ್ರ ಎಂತ ಉಳೀತದೆ?"

ಕೃತಿಕಾ ಮೆಲ್ಲಗೆ, "ಕವಚ ನೀವೇ ಇಟ್ಕೊಳ್ಳಿ," ಎಂದಳು.

"ಅದು ನಿಮಗೆ ನೆಟ್ಟಗೆ ಬಂದಿದ್ದು. ನನಗೆ ಬೇಡ."

ಕಲ್ಲೇಶ ಎಲ್ಲರೆದುರೇ ಮೋಹಿತನ ಹೆಸರಿಗೆ ಹಾಕಿದ್ದ ಆ ಕಟ್ಟು ತೆಗೆದ. ಪಾಸ್‌ವರ್ಡ್ ಮತ್ತೆ ಮತ್ತೆ ತಪ್ಪಾಯಿತು. ಕೆಲಸ ಮುಗಿದಾಗ ಮೋಹಿತ್ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಮೆಟ್ಟಿಲಿಳಿದುಹೋದ.

ಕೃತಿಕಾ ದೊಡ್ಡಮ್ಮನಿಗೆ ಹೇಳದೆಯೇ ಬಸ್ ಹತ್ತಿದಳು. ಅದು ಆಲ್ದೂರು, ವಸ್ತಾರೆ ಮೇಲೆ ಚಿಕ್ಕಮಗಳೂರಿಗೆ ಹೋಗುವ ಬಸ್ಸು. ಮುಂದಿನ ಸೀಟಿನಲ್ಲಿ ಮೋಹಿತನಿದ್ದ. ಆಲ್ದೂರು ಹತ್ತಿರವಾದಾಗ ಅವನೇ ತಿರುಗಿದ.

"ನನ್ನ ಹಣೆಬರಹನೇ ಇಷ್ಟು ಅಂದ್ಕೊಂಡಿದ್ದೆ. ಆಟದಲ್ಲಿ ಮಾತ್ರ ಅಲ್ಲ. ಎಲ್ಲದರಲ್ಲೂ."

"ಮತ್ತೆ ಆಡ್ತೀರಾ?" ಎಂದು ಕೇಳಿದಳು ಕೃತಿಕಾ.

"ಗೊತ್ತಿಲ್ಲ. ಸ್ವಲ್ಪ ದಿನ ಕವಚದ ಆಸೆ ಬಿಟ್ಟು ಇರ್ಬೇಕು."

ಕಲ್ಲೇಶ ದೀಪಾವಳಿಯವರೆಗೂ ಅವಳೊಡನೆ ಮಾತು ಬಿಟ್ಟಿದ್ದ. ಸೈಬರಿಗೆ ಬರುವವರು ಕಡಿಮೆಯಾದರು, ಬಾಗಿಲು ಮುಚ್ಚುವಷ್ಟಲ್ಲ. ದೊಡ್ಡಮ್ಮ ಫೋನಿನಲ್ಲಿ ಬೈದರು, ಬೈದು ಮುಗಿಸಿ, "ಭಾನುವಾರ ಬಾ, ಅವನ ಮುಖ ನಾನು ನೋಡ್ಕೊಳ್ತೀನಿ," ಎಂದರು. ಕೃತಿಕಾ ಹೋದಳು. ಸೈಬರಿನ ಮೆಟ್ಟಿಲನ್ನೂ ಹತ್ತಿದಳು. ಮೋಹಿತ್ ಬಂದಿರಲಿಲ್ಲ. ಅವಳು ಮೂಲೆಯ ಕಂಪ್ಯೂಟರಿನ ಹತ್ತಿರ ಹೋದಳು. ಪಕ್ಕದಲ್ಲಿದ್ದವರು ಕುರ್ಚಿ ಸರಿಸಿ, "ಕೂತ್ಕೊಳ್ಳಿ," ಎಂದು ಜಾಗ ಬಿಟ್ಟುಕೊಟ್ಟರು.