ಮೋರಿ ಡ್ರೈವರ್ ಜೀಪು ಎತ್ತರಿಸಿದ್ದು

ಡ್ರೈವರುಗಳಿಗೆ ಅಡ್ಡಹೆಸರು ಇಡುವುದರಲ್ಲಿ ಕಂಡಕ್ಟರುಗಳನ್ನು ಮೀರಿಸಿದವರಿಲ್ಲ. ಒಬ್ಬನಿಗೆ ಹಾರನ್ ಎಂದು ಇಟ್ಟರು, ಇನ್ನೊಬ್ಬನಿಗೆ ಸಡನ್‌ಬ್ರೇಕ್ ಎಂದರು. ನಮ್ಮ ಕಥೆಯ ಡ್ರೈವರನ ಪಾಲಿಗೆ ಬಂದದ್ದು ಮೋರಿ. ಅವನಿಗೊಂದು ಚಾಳಿ ಇತ್ತು. ಇಳಿಯುವವರಲ್ಲಿ ಕೋಲೂರಿದ ಮುದುಕಿಯೋ ದಿನ ತುಂಬಿದ ಬಸುರಿಯೋ ಕಂಡರೆ ಸಾಕು, ಬಸ್ಸಿನ ಎಡಗಡೆಯ ಚಕ್ರಗಳನ್ನು ರಸ್ತೆ ಬದಿಯ ಮೋರಿಗೆ ಮೆಲ್ಲಗೆ ಇಳಿಸಿಬಿಡುತ್ತಿದ್ದ. ಬಸ್ಸು ಆ ಕಡೆಗೆ ವಾಲಿ, ಬಾಗಿಲ ಮೆಟ್ಟಿಲು ಮೋರಿಯಾಚೆಯ ಕಲ್ಲುಹಾಸಿನ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಇಳಿದವರು ಹರಸುತ್ತಿದ್ದರು, ಒಳಗೆ ಒಬ್ಬರ ಮೇಲೊಬ್ಬರು ಬಿದ್ದವರು ಶಪಿಸುತ್ತಿದ್ದರು. ಹೀಗೆ ಹುಟ್ಟಿದ ಹೆಸರು ಡಿಪೋ ದಾಟಿ, ಬೀದಿ ದಾಟಿ, ಅವನ ಹೆಂಡತಿ ಭೂಗೋಳ ಕಲಿಸುತ್ತಿದ್ದ ಶಾಲೆಗೂ ಹೋಯಿತು. ಒಂದು ಬೆಳಿಗ್ಗೆ ಅವಳು ತರಗತಿಗೆ ಕಾಲಿಟ್ಟರೆ ಹಲಗೆಯ ಮೇಲೆ ದಪ್ಪಕ್ಷರದಲ್ಲಿ 'ಮೋರಿ ಮೇಡಂ' ಎಂದು ಬರೆದಿತ್ತು.

ಅವತ್ತಿನಿಂದ ಆ ಹೆಸರಿಗೆ ಮನೆಯಲ್ಲಿ ಪ್ರವೇಶವಿಲ್ಲ. ಅವಳ ಒಡಹುಟ್ಟಿದ ತಮ್ಮ, ಬಡಗಿ, ಅವನೂ ಗೇಟಿನಾಚೆ ನಿಂತು "ಮೋರಿ ಭಾವಾ" ಎಂದು ಕೂಗಿ, ಗೇಟು ದಾಟಿದ ಮೇಲೆ ಸಭ್ಯನಾಗಿ ಬರೀ "ಭಾವ" ಎನ್ನುತ್ತಿದ್ದ.

ಇನ್ನು ಜೀಪಿನ ವಿಷಯ. ಊರ ಹಿಂದಿನ ಬೆಟ್ಟದ ನೆತ್ತಿಯಲ್ಲಿ ಒಂದು ಒರತೆ ಇದೆ. ಅದರ ನೀರು ಒಂದು ಕಲ್ಲಿಗೆ ಬಡಿದು ಎರಡು ಪಾಲಾಗಿ, ಒಂದು ಪೂರ್ವದ ನದಿಗೂ ಇನ್ನೊಂದು ಪಶ್ಚಿಮದ ನದಿಗೂ ಹೋಗುತ್ತದೆ. ಟೀಚರ್ ಪ್ರತಿ ವರ್ಷ ಮೇಜಿನ ಮೇಲೆ ಡಸ್ಟರ್ ನಿಲ್ಲಿಸಿ, ಅದರ ಮೇಲೆ ಚೊಂಬಿನಿಂದ ನೀರು ಸುರಿದು, ಮುಂದಿನ ಬೆಂಚಿನವರ ಪುಸ್ತಕಗಳನ್ನು ತೋಯಿಸಿ ಈ ಪಾಠ ಮಾಡುತ್ತಿದ್ದಳು. ಆದರೆ ಆ ಜಾಗವನ್ನು ಕಣ್ಣಾರೆ ಕಂಡವಳಲ್ಲ. ಮಂಡಿ ಗಟ್ಟಿಯಿದ್ದಾಗ ಪುರುಸೊತ್ತು ಇರಲಿಲ್ಲ. ಪುರುಸೊತ್ತು ಸಿಗುವ ಹೊತ್ತಿಗೆ ಮಂಡಿ ಕೈಕೊಟ್ಟಿತ್ತು.

ಅದಕ್ಕೆಂದೇ ಡ್ರೈವರು ನಿವೃತ್ತಿಯಾದ ಮೇಲೆ ಒಂದು ಹಳೆಯ ಜೀಪು ಕೊಂಡ. ಮೊದಲ ಪ್ರಯಾಣ ಅರ್ಧ ದಾರಿಗೇ ಮುಗಿಯಿತು. ದಾರಿಗೆ ಅಡ್ಡಲಾಗಿ ಒಂದು ಬಂಡೆ ಮಲಗಿದೆ. ಅದರ ಹೆಸರೇ ಹೊಟ್ಟೆಗೀರು ಕಲ್ಲು. ಮುಂದಿನ ಚಕ್ರ ಹತ್ತಿತು, ಹಿಂದಿನದು ಹತ್ತಲಿಲ್ಲ, ನಡುವೆ ಜೀಪಿನ ಹೊಟ್ಟೆ ಕರ್ರೆಂದು ಕೂತುಕೊಂಡಿತು. ಸೌದೆ ಕಡಿಯುವವರು ಬಂದು ಹಾರೆ ಹಾಕಿ ಮೀಟಿ ಇಳಿಸಬೇಕಾಯಿತು. ಮನೆ ಮುಂದೆ ಇಳಿದ ಮೇಲೆ ಟೀಚರ್ ತೀರ್ಪು ಹೇಳಿದಳು.

"ಇನ್ನೊಂದೇ ಒಂದು ಸಲ ಬರ್ತೀನಿ ರೀ. ಆ ಕಲ್ಲು ಮತ್ತೆ ಹೊಟ್ಟೆ ಕೆರೆದ್ರೆ ಜೀಪು ಮಾರಿಬಿಡಿ. ಆಮೇಲೆ ನನ್ನ ಹತ್ರ ಬೆಟ್ಟದ ಸುದ್ದಿ ಎತ್ತಬೇಡಿ."

ಟೀಚರ್ ಮಾತೆಂದರೆ ಕಲ್ಲಲ್ಲಿ ಕೊರೆದ ಹಾಗೆ. ಡ್ರೈವರು ಜೀಪಿನಡಿ ಅಂಗಾತ ಮಲಗಿ, ಹೊಟ್ಟೆಯ ಮೇಲಿನ ಗೀರನ್ನು ಬೆರಳಿನಿಂದ ಸವರಿ ನೋಡಿದ. ಒಂದು ಗೇಣು, ಬೇಡ, ಅರ್ಧ ಗೇಣು ಮೇಲಿದ್ದಿದ್ದರೆ ದಾಟಿಬಿಡುತ್ತಿತ್ತು ಎಂದು ಅವನ ಹೊಟ್ಟೆ ಉರಿಯಿತು.

ಜೀಪನ್ನು ಎತ್ತರಿಸಲು ದೊಡ್ಡ ಅಂಗಡಿಗಳಲ್ಲಿ ಕಿಟ್ ಸಿಗುತ್ತದೆ. ಅದನ್ನು ಕೊಳ್ಳಬೇಕಾದರೆ ಮೊದಲು ಜೀಪನ್ನೇ ಮಾರಬೇಕು, ಅಷ್ಟು ಬೆಲೆ. ಡ್ರೈವರು ಗುಜರಿ ಅಂಗಡಿಗೆ ನುಗ್ಗಿದ. ಸತ್ತ ವ್ಯಾನುಗಳ, ಪಟ್ಟಿ ಮೇಲೆ ಪಟ್ಟಿ ಜೋಡಿಸಿದ ಸ್ಪ್ರಿಂಗುಗಳಿಂದ ಚಕ್ರಕ್ಕೊಂದರಂತೆ ಉದ್ದನೆಯ ಪಟ್ಟಿ ಬಿಡಿಸಿದ, ಯಾವುದೋ ಟ್ರಕ್ಕಿನ ಶಾಕ್ ಅಬ್ಸಾರ್ಬರ್ ಆರಿಸಿದ, ಸ್ಪ್ರಿಂಗನ್ನು ಜೀಪಿನ ಅಡಿಚೌಕಟ್ಟಾದ ಚಾಸಿಗೆ ತೂಗುಹಾಕುವ ಕೊಂಡಿಗಳನ್ನು ಮೊದಲಿಗಿಂತ ಉದ್ದಕ್ಕೆ ದಪ್ಪ ತಗಡಿನಲ್ಲಿ ಕತ್ತರಿಸಿಕೊಂಡ. ಮನೆಗೆ ಬರುವಾಗ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಅಂಗಳದಲ್ಲಿ ಕೆಲಸ ಶುರುವಾಯಿತು. ಜೀಪನ್ನು ಜಾಕಿನಿಂದ ಎತ್ತಿ, ಚಾಸಿಯ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟು, ಚಕ್ರ ಬಿಚ್ಚಿದರು. ಭಾವಮೈದುನ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಜೀಪಿನಡಿ ತೂರಿದ. ಟೀಚರ್ ಮುಂಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಎಂದಿನಂತೆ ಕೆಂಪು ಪೆನ್ನಿನಲ್ಲಿ ದಿನಪತ್ರಿಕೆಯ ತಪ್ಪು ತಿದ್ದುತ್ತಾ, ನಡುನಡುವೆ ಕನ್ನಡಕದ ಮೇಲಿಂದ ಇವರನ್ನು ನೋಡುತ್ತಿದ್ದಳು. ಇವರನ್ನೂ ತಿದ್ದಬೇಕು ಎನ್ನುವ ನೋಟ ಅದು.

"ಮರ ಆಗಿದ್ರೆ ಹೇಳಿದ ಮಾತು ಕೇಳುತ್ತೆ ಭಾವ," ಬಡಗಿ ಜೀಪಿನಡಿಯಿಂದ ಗೊಣಗಿದ. "ಈ ಕಬ್ಬಿಣಕ್ಕೆ ಕಿವೀನೇ ಇಲ್ಲ."

"ಸೀಮೆಎಣ್ಣೆ ಕುಡಿಸಿದೀನಿ ಕಣೋ. ಇನ್ನೊಂದು ಸ್ವಲ್ಪ ಹೊತ್ತಲ್ಲಿ ಬಾಯಿ ಬಿಡುತ್ತೆ."

ನಟ್ಟುಗಳು ತುಕ್ಕು ಹಿಡಿದು ಬೋಲ್ಟಿನೊಂದಿಗೆ ಒಂದೇ ಜೀವವಾಗಿದ್ದವು. ಡ್ರೈವರು ಸ್ಪಾನರಿನ ಹಿಡಿಗೆ ಉದ್ದನೆಯ ಪೈಪು ತೂರಿಸಿದ. ಇಬ್ಬರೂ ಅದಕ್ಕೆ ಜೋತುಬಿದ್ದರು. ಟಣ್ ಎಂದು ಸದ್ದಾಗಿ ನಟ್ಟು ಬಿಟ್ಟುಕೊಟ್ಟಿತು, ಅದರೊಂದಿಗೆ ಬಡಗಿಯೂ ಹಿಂದಕ್ಕೆ ಉರುಳಿ ಎಣ್ಣೆ ಟ್ರೇಯಲ್ಲಿ ಕೂತ. ಡ್ರೈವರಿಗೆ ನಗು ತಡೆಯಲಾಗಲಿಲ್ಲ. ಬಡಗಿಗೂ ಆಗಲಿಲ್ಲ. ಮೊದಲ ನಟ್ಟು ಬಂದ ಮೇಲೆ ಉಳಿದವಕ್ಕೂ ಬುದ್ಧಿ ಬಂತು.

ಆಮೇಲೆ ಸ್ಪ್ರಿಂಗ್ ಬಿಚ್ಚಿದರು. ಪಟ್ಟಿಗಳ ಕಟ್ಟನ್ನು ಸಡಿಲಿಸಿ, ನಡುವೆ ಗುಜರಿಯ ಪಟ್ಟಿಯನ್ನು ಸೇರಿಸಿದರೆ, ಕಟ್ಟು ಬಾಯಿ ಮುಚ್ಚಲೊಲ್ಲದು. ಎಷ್ಟು ಒತ್ತಿದರೂ ಪಟ್ಟಿಗಳು ಬಾಯಿ ಕಿಸಿಯುತ್ತಿದ್ದವು. ಬಡಗಿ ಮನೆಗೆ ಓಡಿಹೋಗಿ ಮೇಜಿನ ಕಾಲು ಅಂಟಿಸುವ ಕ್ಲ್ಯಾಂಪು ತಂದು ಬಿಗಿದ. ಪಟ್ಟಿಗಳು ತೆಪ್ಪಗೆ ಒಂದರ ಮೇಲೊಂದು ಕೂತವು. "ಅಂತೂ ಕೇಳ್ತು ನೋಡಿ ನನ್ನ ಮಾತು!" ಎಂದು ಅವನು ಇಲ್ಲದ ಮೀಸೆ ತಿರುವಿದ. ಹೊಸ ಕೊಂಡಿ ಕೂತಿತು, ಶಾಕ್ ಅಬ್ಸಾರ್ಬರ್ ಕೂತಿತು. ಬ್ರೇಕಿನ ರಬ್ಬರ್ ಪೈಪು ಮಾತ್ರ ಹೊಸ ಎತ್ತರಕ್ಕೆ ಸಾಲದೆ ತಂತಿಯಂತೆ ಬಿಗಿದಿತ್ತು. ಬ್ರೇಕಿನ ವಿಷಯದಲ್ಲಿ ಡ್ರೈವರು ತಮಾಷೆ ಮಾಡುವವನಲ್ಲ. ಪೈಪನ್ನು ಚಾಸಿಗೆ ಹಿಡಿದಿದ್ದ ತಗಡಿನ ಪಟ್ಟಿಯನ್ನು ಕೆಳಕ್ಕೆ ಇಳಿಸಿ ಕೂರಿಸಿ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಪೈಪಿಗೆ ಸಡಿಲ ಸಿಕ್ಕಿದೆ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಚಕ್ರಕ್ಕೆ ಹೋದ.

ನಾಲ್ಕೂ ಚಕ್ರ ಮುಗಿಯುವಷ್ಟರಲ್ಲಿ ಮೂರು ದಿನ ಕಳೆದಿತ್ತು. ದಿಮ್ಮಿ ತೆಗೆದು ಡ್ರೈವರು ಜೀಪನ್ನು ಮೆಲ್ಲಗೆ ನೆಲಕ್ಕೆ ಇಳಿಸತೊಡಗಿದ. ಜಾಕು ಇಳಿಯಿತು, ಇಳಿಯಿತು, ಜೀಪು ಒಮ್ಮೆ ಕಿರುಗುಟ್ಟಿ ನಿಂತಿತು. ನಿಂತಿತು ಎಂದರೆ ಎದೆ ಸೆಟೆಸಿ ನಿಂತಿತು! ಬಡಗಿ ಬಚ್ಚಲಿನ ಬಕೆಟ್ ತಂದು ಮಗುಚಿಟ್ಟು, ಕಾಲಿನಿಂದ ಹೊಟ್ಟೆಯಡಿಗೆ ತಳ್ಳಿದ. ಮೊದಲು ಅದೇ ಬಕೆಟ್ಟು ಅಲ್ಲಿ ತಗುಲಿ ನಿಲ್ಲುತ್ತಿತ್ತು. ಈಗ ಈ ಕಡೆಯಿಂದ ಹೋಗಿ ಆ ಕಡೆಯಿಂದ ಬಂತು. ವಯಸ್ಸಾದ ಗಂಡಸರಿಬ್ಬರು ಬಕೆಟ್ಟನ್ನು ಅತ್ತಿಂದಿತ್ತ ಇತ್ತಿಂದತ್ತ ಒದೆಯುತ್ತಾ ಕೇಕೆ ಹಾಕಿದರು.

"ಟೀಚರಮ್ಮಾ, ಹೊರಡು! ಈಗಿಂದೀಗಲೇ ಹೊರಡು!"

ಅವಳು ಹತ್ತಿ ಸೀರೆಯುಟ್ಟು, ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಬಂದಳು. ಮುಖದಲ್ಲಿ ಗಾಂಭೀರ್ಯವಿತ್ತು, ಆದರೆ ಬೂಟಿನ ದಾರ ಗಡಿಬಿಡಿಯಲ್ಲಿ ಕಟ್ಟಿದ್ದು. ಜೀಪಿನ ಎಡಬಾಗಿಲು ತೆಗೆದು ಕಾಲೆತ್ತಿದಳು. ಕಾಲು ಮೆಟ್ಟಿಲಿಗೆ ಮುಟ್ಟಲಿಲ್ಲ. ಇನ್ನೊಂದು ಕಾಲಿನಲ್ಲಿ ಪ್ರಯತ್ನಿಸಿದಳು. ಅದೂ ಮುಟ್ಟಲಿಲ್ಲ.

ಜೀಪಿನ ಹೊಟ್ಟೆ, ಕಲ್ಲಿನ ಎತ್ತರ, ಬಕೆಟ್ಟಿನ ಎತ್ತರ ಎಲ್ಲವನ್ನೂ ಅಳೆದಿದ್ದರು. ಯಾರಿಗಾಗಿ ಇಷ್ಟೆಲ್ಲ ಮಾಡಿದರೋ ಅವಳ ಮಂಡಿ ಇಬ್ಬರ ತಲೆಗೂ ಹೊಳೆದಿರಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದಳು ಟೀಚರ್. "ಕೆಟ್ಟಿದ್ದು ನನ್ನ ಮಂಡಿ, ರಿಪೇರಿ ಆಗಿದ್ದು ಜೀಪು."

ಡ್ರೈವರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಬಡಗಿ ಅಷ್ಟಕ್ಕೆಲ್ಲ ಸೋಲುವವನಲ್ಲ. ತಾನೇ ಮಾಡಿದ ಗಟ್ಟಿ ಸ್ಟೂಲೊಂದನ್ನು ಅಡುಗೆಮನೆಯಿಂದ ತಂದಿಟ್ಟ. ಟೀಚರ್ ತಮ್ಮನ ಹೆಗಲು ಹಿಡಿದು, ಸ್ಟೂಲು ಹತ್ತಿ, ಸೀಟಿನಲ್ಲಿ ಕೂತಳು. ಹೋದ ಜೀವ ಬಂದಂತಾಗಿ ಡ್ರೈವರು ಓಡಿಬಂದು ಸ್ಟಿಯರಿಂಗ್ ಹಿಡಿದ. ಬಡಗಿ ಹಿಂದಿನಿಂದ ಹಾರಿ ಹತ್ತಿ ಜೀಪಿನ ಮೈಗೆ ಎರಡೇಟು ಬಡಿದು "ರೈಟ್, ರೈಟ್!" ಎಂದ. ಜೀಪು ಗೇಟು ದಾಟಿತು. ಅಂಗಳದಲ್ಲಿ ಬಕೆಟ್ಟೂ ಸ್ಟೂಲೂ ಅಕ್ಕಪಕ್ಕ ಉಳಿದವು.

ಹೊಟ್ಟೆಗೀರು ಕಲ್ಲು ಹಾಗೇ ಮಲಗಿತ್ತು, ಯಾರ ಮುಲಾಜೂ ಇಲ್ಲದೆ. ಡ್ರೈವರು ಮೊದಲ ಗೇರಿಗೆ ಹಾಕಿ, ಸ್ವಲ್ಪ ಓರೆಯಾಗಿ ಚಕ್ರ ಹತ್ತಿಸಿದ. ಜೀಪಿನ ಮೂತಿ ಆಕಾಶ ನೋಡಿತು. ಟೀಚರ್ ಮುಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಮುಂದಿನ ಚಕ್ರಗಳು ಕಲ್ಲು ದಾಟಿ ಧುಪ್ಪೆಂದು ಇಳಿದವು. ಈಗ ಹೊಟ್ಟೆಯ ಸರದಿ. ಮೂವರೂ ಆ ಕರ್ರೆನ್ನುವ ಸದ್ದಿಗೆ ಕಿವಿಗೊಟ್ಟರು. ಎಂಜಿನ್ನಿನ ಗುರುಗುರು ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದಿನ ಚಕ್ರಗಳು ಕಲ್ಲನ್ನು ಕಚ್ಚಿ, ಹತ್ತಿ, ಇಳಿದವು.

"ಕೆರೀಲಿಲ್ಲ!" ಮೊದಲು ಕೂಗಿದವಳು ಟೀಚರೇ. "ಕೆರೀಲಿಲ್ಲ ಕಣ್ರೀ! ಎಲ್ಲಿ, ಹಿಂದೆ ಹೋಗಿ ಇನ್ನೊಂದ್ಸಲ ಹತ್ತಿಸಿ!"

"ಇಳಿಯುವಾಗ ಹೇಗೂ ಇದೆಯಲ್ಲೇ!" ಡ್ರೈವರಿಗೆ ಖುಷಿಯಲ್ಲಿ ಕಣ್ಣು ಮಂಜಾಗಿ ದಾರಿಯೇ ಕಾಣದು. ಬಡಗಿ ಹಿಂದೆ ನಿಂತು ಇಡೀ ಬೆಟ್ಟಕ್ಕೆ ಕೇಳುವಂತೆ ಸಿಳ್ಳೆ ಹಾಕಿದ.

ನೆತ್ತಿಯಲ್ಲಿ ಗಾಳಿ ಜೋರಾಗಿತ್ತು. ಎತ್ತರದ ಹುಲ್ಲಿನ ಮರೆಯಲ್ಲಿ, ಹತ್ತು ಹೆಜ್ಜೆ ಆಚೆ, ನೀರಿನ ಜುಳುಜುಳು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಟೀಚರ್ ಬಾಗಿಲು ತೆಗೆದು, "ಎಲ್ಲೋ ನಿನ್ನ ಸ್ಟೂಲು?" ಎಂದಳು.

ಬಡಗಿ ಡ್ರೈವರನ ಮುಖ ನೋಡಿದ. ಡ್ರೈವರು ಬಡಗಿಯ ಮುಖ ನೋಡಿದ.

"ನಾನು ಎತ್ತಿ ಇಳಿಸ್ತೀನಿ ಅಕ್ಕ."

"ನಿನ್ನ ಸೊಂಟ ನನ್ನ ಮಂಡಿಗಿಂತ ಕಡೆ. ಇಬ್ಬರೂ ಬಿದ್ರೆ ಇವರು ಯಾರನ್ನ ಅಂತ ಎತ್ತಬೇಕು?" ಅವಳು ಕೆಳಗೆ ನೋಡಿದಳು. ನೆಲ ಬಹಳ ಕೆಳಗಿತ್ತು. ಹಾರಕೂಡದೆಂದು ಡಾಕ್ಟರು ಹೇಳಿದ್ದರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. "ಹೋಗಲಿ ಬಿಡಿ. ನೀವಿಬ್ಬರೂ ನೋಡ್ಕೊಂಡು ಬನ್ನಿ. ನಾನು ಇಲ್ಲೇ ಕೂತು ಸದ್ದು ಕೇಳ್ತೀನಿ."

ಬಯ್ದಿದ್ದರೆ ಡ್ರೈವರು ಸಹಿಸಿಕೊಳ್ಳುತ್ತಿದ್ದ. ಈ ಮಾತನ್ನು ಸಹಿಸಲಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅವನು ಸುತ್ತ ಕಣ್ಣಾಡಿಸಿದ. ಆಗ ಕಂಡಿತು. ಹುಲ್ಲಿನಂಚಿಗೆ ಮಳೆನೀರು ಕೊರೆದ ಒಂದು ಒಣ ಕಾಲುವೆ, ಅದರಾಚೆ ಗಟ್ಟಿ ದಿಣ್ಣೆ. ಅವನ ಕೈಗಳಿಗೆ ಆ ಆಕಾರ ಮರೆಯುವಂಥದ್ದಲ್ಲ. ಆದರೆ ಯಾವ ಚಾಳಿಯಿಂದ ಅವಳಿಗೆ ತರಗತಿಯಲ್ಲಿ ತಲೆತಗ್ಗಿಸುವಂತಾಯಿತೋ ಅದನ್ನೇ ಅವಳನ್ನು ಕೂರಿಸಿಕೊಂಡು ಮಾಡುವುದೇ? ಒಂದು ಕ್ಷಣ ಅನುಮಾನಿಸಿದ. ಆಮೇಲೆ ಎಂಜಿನ್ ಚಾಲೂ ಮಾಡಿದ.

"ಟೀಚರಮ್ಮ, ಗಟ್ಟಿಯಾಗಿ ಹಿಡ್ಕೊ. ಬೈಬೇಡ."

ಎಡಗಡೆಯ ಮುಂದಿನ ಚಕ್ರ ಕಾಲುವೆಗೆ ಇಳಿಯಿತು, ಬೆನ್ನಿಗೇ ಹಿಂದಿನದು. ಬಸ್ಸು ವಾಲುವುದು ಬೇರೆ, ಕಾಲು ಉದ್ದವಾದ ಜೀಪು ವಾಲುವುದು ಬೇರೆ. ಬಡಗಿ "ಅಯ್ಯೋ ಭಾವ!" ಎಂದು ಕಿರುಚಿ, ಬಲಗಡೆಯ ಮೈಗೆ ಹೊರಗಿನಿಂದ ಜೋತುಬಿದ್ದು ತೂಕ ಕೊಟ್ಟ. ಡ್ರೈವರು ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತಾ, ಹಿಡಿಯುತ್ತಾ, ಜೀಪನ್ನು ದಿಣ್ಣೆಯ ಪಕ್ಕಕ್ಕೆ ತಂದು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ. ಟೀಚರ್ ಬಾಗಿಲು ತೆಗೆದಳು. ಮೆಟ್ಟಿಲೂ ದಿಣ್ಣೆಯ ಹುಲ್ಲೂ ಒಂದೇ ಮಟ್ಟ. ಮನೆಯ ಹೊಸಿಲು ದಾಟುವಂತೆ ಅವಳು ದಾಟಿದಳು.

ದಿಣ್ಣೆಯ ಆಚೆ ಅಂಚಿನಲ್ಲಿ ನೀರು ಕೈಯಗಲದಷ್ಟೇ ಇತ್ತು. ಹಂದಿಬೆನ್ನಿನ ಒಂದು ಕಲ್ಲಿಗೆ ಬಡಿದು, ಅರ್ಧ ಈ ಕಡೆ, ಅರ್ಧ ಆ ಕಡೆ, ಜಗಳವಿಲ್ಲದೆ ಪಾಲಾಗಿ ಹೋಗುತ್ತಿತ್ತು. ಡಸ್ಟರಿನ ಹಾಗೆಯೇ. ಟೀಚರ್ ದಿಣ್ಣೆಯ ಅಂಚಿನಲ್ಲಿ ಕೂತು, ಬಹಳ ಹೊತ್ತು ನೋಡಿ, ಬಾಗಿ ಒಂದು ಪಾಲಿಗೆ ಅಂಗೈ ಅಡ್ಡ ಹಿಡಿದಳು. ನೀರೆಲ್ಲ ಮತ್ತೊಂದು ಕಡೆಗೆ ತಿರುಗಿತು.

"ಪೂರ್ವದ ನದಿಗೆ ಇವತ್ತು ರಜೆ!" ಎಂದು ಅವಳು ಕೂಗಿ, ಹುಡುಗಿಯ ಹಾಗೆ ನಕ್ಕಳು. ಡ್ರೈವರೂ ನಕ್ಕ.

ಹಿಂತಿರುಗುವ ಹೊತ್ತಿಗೆ ಅವಳು ಯಾರ ಹೆಗಲೂ ಹಿಡಿಯದೆ ದಿಣ್ಣೆಯಿಂದ ಸೀಟಿಗೆ ಕಾಲಿಟ್ಟು ಕೂತಳು. ಬಡಗಿ ಇನ್ನೂ ಸುಧಾರಿಸಿಕೊಳ್ಳುತ್ತಾ ಹಿಂದೆ ಹತ್ತಿದ್ದ, ರೈಟ್ ಹೇಳುವುದನ್ನು ಮರೆತಿದ್ದ. ಡ್ರೈವರು ಸ್ಟಿಯರಿಂಗ್ ಹಿಡಿದು ಕಾದ. ಟೀಚರ್ ಒದ್ದೆ ಕೈಯಿಂದ ಜೀಪಿನ ಬಾಗಿಲಿಗೆ ಎರಡೇಟು ಬಡಿದಳು.

"ಮೋರಿ ಡ್ರೈವರೇ," ಎಂದಳು, "ರೈಟ್!"